ಒತ್ತೆಗೆ ಬಿದ್ದ ನಾಯಿ

ಮೆತ್ತೆಯ ಕುರ್ಚಿ ಖಾಲಿಯಿದ್ದರೂ ವಕೀಲರು ಇಂದಿಗೂ ಸ್ಟೂಲಿನ ಮೇಲೇ ಕೂರುತ್ತಾರೆ. ಅದು ನಾಯಿಮನೆ ಅಮ್ಮ ಮಾಡಿಸಿಹೋದ ಅಭ್ಯಾಸ. ದಿಕ್ಕಿಲ್ಲದ ನಾಯಿಗಳನ್ನು ಸಾಕುತ್ತಿದ್ದ ಆಕೆಯ ಬಳಿಗೆ ಅಂಥದೇ ಇನ್ನೊಂದು ಆಶ್ರಯದವರು ಒಂದು ಕುಂಟುನಾಯಿ ತಂದು, "ನಾಲ್ಕು ದಿನ ಇಟ್ಕೊಳ್ಳಿ, ಸಾಕೋ ಖರ್ಚು ಕೊಡ್ತೀವಿ" ಎಂದು ಬಿಟ್ಟುಹೋದವರು ಮತ್ತೆ ಅತ್ತ ತಲೆ ಹಾಕಿರಲಿಲ್ಲ. ಆ ಖರ್ಚಿನ ಬಾಕಿಗಾಗಿ ಅಮ್ಮ ಹೂಡಿದ್ದೇ ವ್ಯಾಜ್ಯ. ವಾಯಿದೆಯ ದಿನ ಮುಂದೆ ನಾಯಿ, ಹಿಂದೆ ಛತ್ರಿ, ಅದರ ಹಿಂದೆ ಅಮ್ಮ, ಹೀಗೆ ಮೆರವಣಿಗೆ ವಕೀಲರ ಕಚೇರಿಯ ಮೆಟ್ಟಿಲೇರುತ್ತಿತ್ತು. "ಪಾಪ, ಇವನಿಗೆ ಕಾಲು ನೋವು, ನೀವು ಸ್ವಲ್ಪ ಏಳಿ" ಎಂದು ವಕೀಲರನ್ನೇ ಎಬ್ಬಿಸಿ ನಾಯಿಯನ್ನು ಕುರ್ಚಿಗೇರಿಸುತ್ತಿದ್ದರು. ಆಮೇಲೆ ಶುರು: "ಬಾಕಿ ತೀರೋವರೆಗೂ ಇವನು ನನ್ನ ಹತ್ರ ಒತ್ತೆ, ಬಿಟ್ಟುಕೊಡೋ ಮಾತೇ ಇಲ್ಲ!" ಹಾಗೆ ಗುಡುಗುತ್ತಲೇ ಒತ್ತೆಯಾಳಿಗೆ ಬಿಸ್ಕತ್ತನ್ನು ಹಾಲಿನಲ್ಲಿ ಅದ್ದಿ ತಿನ್ನಿಸುವರು, ಹಾಲು ವಕೀಲರ ಕಾಫಿಯದು. ಎದುರು ಪಕ್ಷದವರ ಮಾತೆತ್ತಿದರೆ ಕೆಂಡಾಮಂಡಲ, ನ್ಯಾಯಾಧೀಶರು ರಾಜಿಯೆಂದರೆ ಜಾಣಕಿವುಡು. ಕಡೆಗೊಂದು ದಿನ ಎದುರು ಪಕ್ಷದವರೇ ವಕೀಲರ ಕಚೇರಿಗೆ ಬಂದು, "ತಪ್ಪಾಯ್ತಮ್ಮ, ಬಾಕಿ ಪೂರ್ತಿ ತಂದಿದೀವಿ, ನಾಯಿ ಕರ್ಕೊಂಡು ಹೋಗ್ತೀವಿ" ಎಂದು ಹಣವನ್ನು ಮೇಜಿನ ಮೇಲಿಟ್ಟರು. ಗೆದ್ದೆವೆಂದು ವಕೀಲರು ಹಿಗ್ಗಿ ತಿರುಗಿದರೆ, ಅಮ್ಮನ ಕೈ ನಾಯಿಯ ಕೊರಳಪಟ್ಟಿಯನ್ನು ಬಿಗಿಯಾಗಿ ಹಿಡಿದಿತ್ತು. "ಬಡ್ಡಿ ಸೇರಿಲ್ಲ" ಎಂದರು. "ಎಷ್ಟು ಬಡ್ಡಿ ಹಾಕ್ಲಮ್ಮ?" ಎಂದು ವಕೀಲರು ಬಗ್ಗಿ ಕೇಳಿದಾಗ, ಪಿಸುದನಿಯೆಂದರೇನೆಂದೇ ಅರಿಯದ ಆ ಹೆಂಗಸು ಅವರ ಕಿವಿಯಲ್ಲಿ ಹೇಳಿದರು: "ಅವರ ಕೈಲಿ ಕೊಡೋಕಾಗದಷ್ಟು ಹಾಕಿ, ಸ್ವಾಮಿ."