ಜಲ್ಲಿ, ಜೆಲ್ಲಿ ಮತ್ತು ಅವ್ವನ ಎಡಭಾಗ

ಎಂಬತ್ತರ ದಶಕದ ಆರಂಭದ ಮಾತು. ಅವ್ವನಿಗೆ ಗಂಟು ಕಾಣಿಸಿಕೊಂಡು, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಅವಳ ಎಡ ಮೊಲೆಯನ್ನು ತೆಗೆದುಹಾಕಿದರು. ಈಗೇನೋ ಸಲೀಸಾಗಿ ಬರೆದುಬಿಟ್ಟೆ. ಬೀರೂರಿನ ನಮ್ಮ ಮನೆಯಲ್ಲಿ ಹಸುಗೂಸಿಗೆ ಹಾಲೂಡಿಸುವ ಹೊತ್ತು ಬಿಟ್ಟರೆ ಆ ಪದವನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಎಲ್ಲರೂ ‘ಅದು’ ಎನ್ನುತ್ತಿದ್ದರು. ಕಡೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ದೊಡ್ಡಪ್ಪ ಇನ್ನೂ ಮರ್ಯಾದಸ್ಥರು, ‘ಎಡಭಾಗ’ ಎನ್ನುತ್ತಿದ್ದರು.

ಅವ್ವನಿಗೆ ಮೊದಲಿನಿಂದಲೂ ಸಕ್ಕರೆ ಕಾಯಿಲೆ. ಕಾಲಿಗೆ ಮುಳ್ಳು ಚುಚ್ಚಿದರೂ ತಿಂಗಳುಗಟ್ಟಲೆ ಕುಂಟಬೇಕಾದ ಮೈ. ಆಪರೇಷನ್ನಿನ ಗಾಯ ಮಾಯುವಷ್ಟರಲ್ಲಿ ಬೇಸಿಗೆ ಹೋಗಿ ಮಳೆಗಾಲವೂ ಮುಗಿದಿತ್ತು. ಅಷ್ಟಾದ ಮೇಲೆ ಮತ್ತೆ ತೋರಿಸಲು ಹೋದಾಗ, ನಾನು ಅವ್ವನನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದ ಹೊತ್ತಿನಲ್ಲಿ ಡಾಕ್ಟರು ಅಪ್ಪನನ್ನು ಕೂರಿಸಿಕೊಂಡು ಎಲ್ಲ ವಿವರಿಸಿದ್ದರು. ಚರ್ಮದೊಳಗೆ ಒಂದು ಚೀಲ ಇಟ್ಟು ಮೊದಲಿನಂತೆ ಕಾಣುವ ಹಾಗೆ ಮಾಡಬಹುದು. ಆದರೆ ಸಕ್ಕರೆ ಹತೋಟಿಗೆ ಬಾರದೆ ಮಾಡಿದರೆ ಗಾಯ ಕೂಡದೆ ಕೀವು ಕಟ್ಟಬಹುದು, ಇಟ್ಟದ್ದನ್ನೇ ಮತ್ತೆ ತೆಗೆಯಬೇಕಾದೀತು. ಅದು ಬೇಡವೆಂದರೆ ರವಿಕೆಯೊಳಗೆ ಮೆತ್ತೆ ಇಟ್ಟುಕೊಂಡರೂ ನಡೆಯುತ್ತದೆ. ಇದು ಅವರ ಇಷ್ಟ, ಅವರನ್ನೇ ಕೇಳಿ ಎಂದೂ ಕೊನೆಗೆ ಅಂದಿದ್ದರಂತೆ. ಅಪ್ಪ ಆ ಕೊನೆಯ ಮಾತೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಬೀರೂರಿಗೆ ತಂದ.

ತಂದದ್ದಾದರೂ ನೆಟ್ಟಗಿತ್ತೇ? ಅಪ್ಪ ರೈಲ್ವೆಯಲ್ಲಿ ಹಳಿ ರಿಪೇರಿ ಗ್ಯಾಂಗಿನ ಮೇಸ್ತ್ರಿ. ಅವನ ಬದುಕೆಲ್ಲ ಹಳಿಯ ಕೆಳಗೆ ಜಲ್ಲಿ ತುಂಬಿಸುವುದರಲ್ಲೇ ಕಳೆದಿತ್ತು. ಚೀಲದೊಳಗೆ ಏನಿರುತ್ತದೆ ಎಂದು ದೊಡ್ಡಪ್ಪ ಕೇಳಿದಾಗ, ಜಲ್ಲಿ ಎಂದುಬಿಟ್ಟ. ದೊಡ್ಡಪ್ಪ ಕಾಫಿ ಲೋಟ ಕೆಳಗಿಟ್ಟರು. ಒಬ್ಬಳು ಹೆಂಗಸಿನ ಮೈಯೊಳಗೆ ಕಲ್ಲು ತುಂಬುವುದು ಯಾವ ಸೀಮೆಯ ವೈದ್ಯ ಎಂದು ಅವರಿಗೆ ಸಿಟ್ಟು. ಅಪ್ಪನಿಗೆ ಮಾತ್ರ ಇದರಲ್ಲಿ ಅಂಥ ವಿಚಿತ್ರವೇನೂ ಕಾಣಲಿಲ್ಲ. ಒಂದು ಕಡೆ ತೂಕ ಕಡಿಮೆಯಾದರೆ ಇನ್ನೊಂದು ಕಡೆಗೆ ವಾಲುವುದಿಲ್ಲವೇ, ಅದಕ್ಕೆ ತುಂಬುತ್ತಾರೆ ಎಂದ. ರೈಲ್ವೆಯ ದಪ್ಪ ಜಲ್ಲಿ ಇರಲಾರದು, ಮನೆ ತಾರಸಿಗೆ ಹಾಕುವ ಸಣ್ಣದಿರಬೇಕು ಎಂಬ ಅಂದಾಜೂ ಇತ್ತು ಅವನಿಗೆ.

ನಾನಾಗ ಕಡೂರಿನ ಕಾಲೇಜಿಗೆ ಹೋಗುತ್ತಿದ್ದೆ, ಬುದ್ಧಿವಂತೆ ಎಂಬ ಜಂಬ ಬೇರೆ. ಡಾಕ್ಟರು ಅಂದಿದ್ದು ಜಲ್ಲಿಯಲ್ಲ, ಜೆಲ್ಲಿ ಇರಬೇಕು ಎಂದು ತಿದ್ದಿದೆ. ಮೆತ್ತಗೆ ಅಲುಗಾಡುತ್ತದಲ್ಲ, ಬೇಕರಿಯಲ್ಲಿ ಕೆಂಪಗೆ ಇಟ್ಟಿರುತ್ತಾರಲ್ಲ, ಹಾಗಿರುವುದು ಎಂದೆ. ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಬೇಕರಿ ಎಂಬ ಮಾತು ಕಿವಿಗೆ ಬಿದ್ದಿದ್ದೇ ತಡ, ದೊಡ್ಡಪ್ಪ ಎದ್ದು ನಿಂತರು.

“ಸಕ್ರೆ ಕಾಯ್ಲೆ ಇರೋಳ ಮೈಯೊಳ್ಗೆ ಸಿಹಿ ಇಡ್ತಾನಂತೇನೋ ಅವ್ನು? ಕಲ್ಲೇ ವಾಸಿ ಕಣೋ.”

ಅಲ್ಲಿಂದ ಮನೆಗೆ ಬಂದವರೆಲ್ಲ ಒಂದೊಂದು ಸಲಹೆ ಕೊಡತೊಡಗಿದರು. ದೊಡ್ಡಮ್ಮ ತಮ್ಮ ಅಂಗಡಿಯಿಂದ ಒಂದು ಒಳ್ಳೆಯ ಕೊಬ್ಬರಿ ಬಟ್ಟಲನ್ನೇ ಆರಿಸಿ ತಂದು, ಬಟ್ಟೆ ಸುತ್ತಿ ಅವ್ವನ ರವಿಕೆಯೊಳಗೆ ಕೂರಿಸಿದರು. ಅಳತೆ ಸರಿಯಾಗಿಯೇ ಇತ್ತು. ಮಧ್ಯಾಹ್ನದ ಬಿಸಿಲಿಗೆ ಎಣ್ಣೆ ಬಿಟ್ಟು ರವಿಕೆಯೆಲ್ಲ ಜಿಡ್ಡಾಯಿತು, ಸಂಜೆಯೊಳಗೆ ಇರುವೆ ಮುತ್ತಿಕೊಂಡವು. ಅವ್ವ ಅದನ್ನು ತೆಗೆದು, ತುರಿದು ಚಟ್ನಿ ಮಾಡಿದಳು. ದೊಡ್ಡಮ್ಮನಿಗೇ ಬಡಿಸಿದಳು ಕೂಡ. ಆಮೇಲೆ ನಾವು ಕೂಸಾಗಿದ್ದಾಗ ತಲೆಗೆ ಕೊಡುತ್ತಿದ್ದ ಸಾಸಿವೆ ದಿಂಬನ್ನು ಬಿಚ್ಚಿ, ಆ ಸಾಸಿವೆಯಲ್ಲೇ ಒಂದು ಪುಟ್ಟ ಚೀಲ ಹೊಲಿದುಕೊಂಡಳು. ಹೊರಗೆ ಹೋಗುವಾಗ ಅದನ್ನು ಇಟ್ಟುಕೊಳ್ಳುತ್ತಿದ್ದಳು.

ಅಷ್ಟಕ್ಕೆ ಗಂಡಸರ ಚರ್ಚೆ ನಿಲ್ಲುತ್ತದೆಯೇ? ಎದೆಯ ಮೇಲೆ ಲಿಂಗದ ಕರಡಿಗೆ ಇರುವಾಗ ಅದರ ಕೆಳಗೆ ಪರದೇಶದ ವಸ್ತು ಇರಬಹುದೇ ಎಂಬ ಹೊಸ ಅನುಮಾನ ದೊಡ್ಡಪ್ಪನಿಗೆ. ತರೀಕೆರೆ ಕಡೆಯ ನಮ್ಮ ಮಠಕ್ಕೆ ಹೋಗಿ ಬುದ್ಧಿಯವರನ್ನೇ ಕೇಳುವುದೆಂದಾಯಿತು. ಹಣ್ಣುಕಾಯಿ ಹಿಡಿದುಕೊಂಡು ನಾನೂ ಬಸ್ಸು ಹತ್ತಿದೆ.

ಸ್ವಾಮಿಗಳ ಎದುರು ಆ ಪದ ಆಡುವುದುಂಟೇ? ದೊಡ್ಡಪ್ಪ ಕೈಮುಗಿದು, ಎಡಭಾಗ ತೆಗೆಸಿದ್ದೇವೆ, ಈಗ ಹೊಸ ಮಾಲು ತುಂಬಿ ಮೊದಲಿನಂತೆ ಎತ್ತರಿಸಬಹುದು ಅನ್ನುತ್ತಾರೆ, ಅಪ್ಪಣೆಯಾಗಬೇಕು ಎಂದರು. ಬುದ್ಧಿಯವರು ಪಾಯ ಗಟ್ಟಿ ಇದೆಯೇ ಎಂದು ಕೇಳಿದರು. ಅಪ್ಪ ಸಕ್ಕರೆ ಕಾಯಿಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಪಾಯದಲ್ಲೇ ಬಹಳ ದಿನದಿಂದ ತೊಂದರೆ ಎಂದ.

“ಹಂಗಾದ್ರೆ ಎತ್ತರಿಸೋಕೆ ಹೋಗ್ಬೇಡ್ರಪ್ಪಾ. ಮೇಲೊಂದು ಶೀಟು ಹೊದಿಸ್ಕೊಂಡಿರಿ. ಗೆದ್ಲಿಗೆ ಔಷ್ಧಿ ಹಾಕೋದು ಮಾತ್ರ ಬಿಡ್ಬೇಡಿ.”

ಅವರು ಮನೆ ರಿಪೇರಿಯ ಮಾತು ಆಡುತ್ತಿದ್ದಾರೆಂದು ನನಗೆ ಆಗಲೇ ಗೊತ್ತಾಯಿತು. ಇವರಿಬ್ಬರಿಗೆ ಗೊತ್ತಾಗಲಿಲ್ಲ. ಗೆದ್ದಲೆಂದರೆ ಸಕ್ಕರೆ, ಔಷಧಿಯೆಂದರೆ ದಿನದ ಇಂಜೆಕ್ಷನ್ನು, ಹೇಳದೆಯೇ ಎಲ್ಲ ತಿಳಿದುಬಿಟ್ಟರು ಎಂದು ದಾರಿಯುದ್ದಕ್ಕೂ ಕಣ್ಣಲ್ಲಿ ನೀರು ತಂದುಕೊಂಡರು. ಶೀಟು ಎಂದರೇನು ಎಂಬುದೊಂದು ಮಾತ್ರ ಬೀರೂರು ಬಂದರೂ ಬಗೆಹರಿದಿರಲಿಲ್ಲ.

ಮನೆಗೆ ಬಂದು ದೊಡ್ಡಪ್ಪ ಅಪ್ಪಣೆಯನ್ನು ಒಪ್ಪಿಸಿದರು. ನಾನು ತಡೆಯಲಾರದೆ, ಬುದ್ಧಿಯವರು ಹೇಳಿದ್ದು ಮನೆಗೆ ಎಂದೆ. ಅವ್ವ ಬಾಗಿಲು ಹಿಡಿದುಕೊಂಡು ನಗತೊಡಗಿದಳು. ಆಪರೇಷನ್ ಆದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ನಕ್ಕು ನಕ್ಕು ಸುಸ್ತಾಗಿ, ಸೆರಗಿನಿಂದ ಮುಖ ಒರೆಸಿಕೊಂಡು ಪಡಸಾಲೆಗೆ ಬಂದಳು. ದೊಡ್ಡಪ್ಪನ ಎದುರು ಅವಳು ತಲೆಯೆತ್ತಿ ನಿಂತದ್ದೂ ಅದೇ ಮೊದಲು.

“ಭಾವ, ತೆಗ್ಸಿದ್ದು ಗೋಡೆ ಅಲ್ಲ, ನನ್ನ ಮೊಲೆ. ಜೀವ ಉಳೀತಲ್ಲ ಅಂತ ಎಲ್ರೂ ಅಂದ್ರಿ. ಅಯ್ಯೋ, ಹೋಯ್ತಲ್ಲ ಅಂತ ಒಬ್ರಾದ್ರೂ ಅಂದ್ರಾ? ಹೋದಾಗ ಯಾರೂ ಇಲ್ಲ, ವಾಪಸ್ ತರೋಕೆ ಇಷ್ಟು ಪಂಚಾಯ್ತಿ.”

ಅವಳು ಅಪ್ಪನ ಕಡೆ ತಿರುಗಿದಳು.

“ನಂಗೆ ಆಸೆ ಇತ್ತು ಕಣ್ರೀ, ಈಗ್ಲೂ ಐತೆ. ಆದ್ರೆ ಇನ್ನೊಂದು ಗಾಯ ಮಾಯ್ಸೋ ಶಕ್ತಿ ಈ ಮೈಗಿಲ್ಲ. ಅದ್ಕೆ ಬೇಡ. ಬೇಡ ಅಂತಿರೋಳು ನಾನು, ಮಠ ಅಲ್ಲ.”

ದೊಡ್ಡಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ಕಡೂರಿನ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದರು. ಅಪ್ಪ ನಿಂತಲ್ಲೇ ನಿಂತಿದ್ದ. ಆಮೇಲೆ ಗೋಡೆಗೆ ಒರಗಿ ಕುಸಿದು ಕೂತು, ಊರೆಲ್ಲ ಕೇಳುವಂತೆ ದನಿ ತೆಗೆದು ಅತ್ತ. ಪಕ್ಕದ ಮನೆಯವರು ಯಾರಾದರೂ ಸತ್ತರೇನೋ ಎಂದು ಓಡಿ ಬಂದರು. ನಾನು ನೀರು ತರಲು ಎದ್ದೆ. ಅವ್ವ ನನ್ನ ಕೈ ಹಿಡಿದು ಕೂರಿಸಿದಳು.

“ಅಳ್ಲಿ ಬಿಡು. ಇಷ್ಟು ದಿನ ನಾನೊಬ್ಳೇ ಅತ್ತಿದ್ದು.”