ಕಲಾಯಿ ಹಾಕಿದ ಹಲ್ಲು

ನಾನು ಹುಕ್ಕೇರಿ ದವಾಖಾನೆಯಲ್ಲಿ ಹಲ್ಲಿನ ಡಾಕ್ಟರನಾಗಿದ್ದಾಗ ಗೋಕಾಕದ ಇಮಾಮಸಾಬ ಬಂದ. ಊರೂರು ತಿರುಗಿ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವನು. ಮೇಲ್ದುಟಿ ಬಾತುಕೊಂಡಿತ್ತು. ಎತ್ತಿ ನೋಡಿದರೆ, ಮುರಿದ ಮುಂದಿನ ಹಲ್ಲಿನ ಬೇರಿಗೆ ತಾಮ್ರದ ಮೊಳೆ ಹೊಡೆದು, ಅದರ ಮೇಲೆ ಎಲುಬಿನಲ್ಲಿ ಕೆತ್ತಿದ ಹಲ್ಲು ಕೂರಿಸಲಾಗಿತ್ತು. ಮೊಳೆ ಹಸಿರಾಗಿ, ಸುತ್ತಲಿನ ಒಸಡು ಕೀವು ತುಂಬಿಕೊಂಡಿತ್ತು.

"ಯಾರು ಮಾಡಿದ್ದು?"

"ನಾನ ರೀ, ಕನ್ನಡಿ ನೋಡಕೋಂತ. ಮೊಳಿಗೆ ಕಲಾಯಿನೂ ಹಾಕಿದ್ದೆ. ಅದು ಹೋಗಿ ಕಿಲುಬು ಹಿಡದೈತಿ. ಕಿತ್ತು ಕೊಡ್ರಿ ಸಾಹೇಬ್ರ, ಮತ್ತ ಕಲಾಯಿ ಹಾಕಿ ಬಡಕೋತೇನಿ."

"ಅಲ್ಲಪಾ, ಕಲಾಯಿ ಹೋದ ಪಾತ್ರಿಯೊಳಗ ಮಜ್ಜಿಗಿ ಇಡಬ್ಯಾಡ್ರಿ ಅಂತ ಮನಿ ಮನಿಗೆ ಹೇಳಾಂವ ನೀನ ಅಲ್ಲೇನು?"

"ಹೌದ್ರಿ. ಆದ್ರ ಹೋದ ಮನಿಯಾಗೆಲ್ಲಾ ಮಜ್ಜಿಗಿ ಕೊಡ್ತಾರ. ಒಲ್ಲೆ ಅನ್ನಾಕ ಆಗೂದಿಲ್ಲ."

ಇನ್ನೊಂದು ವಾರ ಬಿಟ್ಟಿದ್ದರೆ ದವಡೆಯೂ ಕೆಡುತ್ತಿತ್ತು. ಕಿತ್ತೆ, ಮೊಳೆಯ ಜೊತೆ ಬೇರೂ ಬಂತು. ಇಮಾಮಸಾಬ ಮೊಳೆಯನ್ನು ಒರೆಸಿ, ಬೆಳಕಿಗೆ ಹಿಡಿದು, ಉಗುರಿನಿಂದ ಕೆರೆದು ನೋಡಿದ.

"ನನ್ನ ಕೆಲಸದಾಗ ತಪ್ಪಿಲ್ರಿ. ಪಾತ್ರಿನ ಸರಿ ಇಲ್ಲ," ಎಂದು ತನ್ನ ಬಾಯಿ ತೋರಿಸಿದ.

ಆಮೇಲೆ ನಾನು ಕಟ್ಟಿದ ಹಲ್ಲುಗಳೂ ಕೆಟ್ಟು ವಾಪಸು ಬಂದಿವೆ. ಆಗೆಲ್ಲ ಅದೇ ಮಾತು ನಾಲಿಗೆಯ ತುದಿಗೆ ಬರುತ್ತದೆ, ನುಂಗಿಕೊಳ್ಳುತ್ತೇನೆ. ಅವನಿಗಾದರೆ ಬಾಯಿಯೂ ಅವನದೇ ಆಗಿತ್ತು.