ಪೂಜೆಗಿಟ್ಟ ಬೀರು

ಆಗ ಪಾಲಕೋಡ್ ಸುತ್ತಿನ ಶಾಲೆಗಳಲ್ಲಿ ಮಕ್ಕಳಿಗೂ ಊರವರಿಗೂ ಸೇರಿ ಲೈಬ್ರರಿ ಅಂತ ಒಂದೊಂದು ಪುಸ್ತಕದ ಬೀರು. ಅವನ್ನು ನೋಡಿಬರುವುದು ನನ್ನ ಕೆಲಸ. ಒಂದೂರಲ್ಲಿ ಸಂಕ್ರಾಂತಿ ಕಳೆದರೂ ಬೀರು ಮುಚ್ಚೇ ಇತ್ತು, ಮೇಲೆ ಒಣಗಿದ ಹೂವು.

"ಎಡ್‌ಮಾಸ್ಟ್ರು ದಸರಾದಾಗ ಸರಸ್ವತಿ ಪೂಜೆಗಿಟ್ರು, ಮರುಪೂಜೆ ಮಾಡಿ ಎತ್ತೋಕ್ ಮುಂಚೆ ಟ್ರಾನ್ಸ್‌ಫರ್ ಆಗೋಯ್ತು," ಅಂದಳು ಶಾಲೆಯ ಆಯಾ ಮುನಿಯಮ್ಮ. "ಇಟ್ಟೋರೇ ಎತ್ತಬೇಕಲ್ಲ ಸಾಮಿ. ನೀವು ಅವ್ರಿಗಿಂತ ದೊಡ್ ಆಪೀಸರು, ನೀವೆತ್ತಬೋದು."

ಕಾಯಿ ಒಡೆದು, ಕರ್ಪೂರ ಹಚ್ಚಿ ಬಾಗಿಲು ತೆಗೆದೆ. ಕಾದು ನಿಂತಿದ್ದ ಊರವರೆಲ್ಲ ಒಂದೊಂದು ಪುಸ್ತಕ ಕಣ್ಣಿಗೊತ್ತಿಕೊಂಡು ವಾಪಸ್ ಇಟ್ಟರು.

"ಮನೆಗೆ ತಗೊಂಡೋಗಿ," ಅಂದೆ.

"ಇವತ್ತು ಸುಕ್ರವಾರ ಐತಲ್ಲ," ಅಂದಳು ಮುನಿಯಮ್ಮ. "ಸುಕ್ರವಾರದ ದಿನ ಸರಸ್ವತೀನ ಯಾರಾದ್ರೂ ಆಚೆ ಕಳಿಸ್ತಾರಾ?"

ಆ ಲೈಬ್ರರಿಯಿಂದ ಅವತ್ತು ಆಚೆ ಹೋದದ್ದು ನನ್ನ ಕೈಲಿದ್ದ ಕಾಯಿಹೋಳು ಒಂದೇ.